ರೆಪ್ಪೆ ಮೇಲೇಳದ ಕೂಸು

(ಮುಖ್ಯೋಪಾಧ್ಯಾಯಿನಿಯವರಿಂದ)

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಕೊಡತಕ್ಕದ್ದೆಂಬುದು ನಮ್ಮ ಶಾಲೆಯ ವಾಡಿಕೆ. ಕಟ್ಟಡ ನಿಧಿ, ಪರೀಕ್ಷೆಯ ಫಲಿತಾಂಶ, ಆಟೋಟಗಳಲ್ಲಿ ದೊರೆತ ಬಹುಮಾನ ಮುಂತಾದುವು ವಾರ್ಷಿಕ ವರದಿಯಲ್ಲಿ ಹೇಗೂ ಬಂದಿರುತ್ತವೆ. ಆದುದರಿಂದ ಈ ಸಲ, ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡದಿರುವ ಒಂದು ಸಂಗತಿಯನ್ನು ಕುರಿತು ಹಳೆಯ ವಿದ್ಯಾರ್ಥಿನಿಯರಾದ ನಿಮಗೂ ತಾಯಿತಂದೆಗಳಾದ ನಿಮಗೂ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹುಟ್ಟುವಾಗಲೇ ಕಣ್ಣಿನ ಮೇಲ್ರೆಪ್ಪೆ ಇಳಿಬಿದ್ದಿರುವ, ಅದೂ ವಂಶದಿಂದ ಬಂದಿರುವ, ಶಿಶುವನ್ನು ಸಾಕುವ ಸಂಗತಿ ಅದು.

ಆರು ವರ್ಷಗಳ ಕೆಳಗೆ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ನಮ್ಮಲ್ಲಿ ಓದಿಹೋದ ಒಬ್ಬಾಕೆ ಐದು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಿದ್ದಳು. ಮಾವಿನ ಮರದ ಕೆಳಗೆ ಕೂಸು ಕೈಯಿಂದ ಕೈಗೆ ಹೋಗುತ್ತಿತ್ತು. "ಪಾಪ, ನಿದ್ದೆಗಣ್ಣಿನಲ್ಲಿದೆ" ಎಂದು ಯಾರೋ ಅಂದರು. ಕೂಸಿಗೆ ನಿದ್ದೆ ಬಂದಿರಲಿಲ್ಲ. ಅದು ಗಲ್ಲವನ್ನು ಮೇಲಕ್ಕೆತ್ತಿ, ಹಣೆಯನ್ನು ಮುದುಕರಂತೆ ನೆರಿಗೆಗಟ್ಟಿಸಿ, ಕಣ್ಣಿನ ಕಿರಿದಾದ ಸೀಳಿನೊಳಗಿಂದ ಒಬ್ಬೊಬ್ಬರನ್ನೂ ನೋಡುತ್ತಿತ್ತು. ತಾಯಿಯ ಮುಖ ಇಳಿದುಹೋಯಿತು. ಊಟವಾದ ಮೇಲೆ ಅವಳು ನನ್ನ ಕೋಣೆಗೆ ಬಂದು, ಬಾಗಿಲನ್ನು ತಾನೇ ಮುಂದೆಳೆದುಕೊಂಡು ಅತ್ತಳು. ಗಂಡನ ಕಣ್ಣೂ ಹಾಗೆಯೇ, ಮಾವನವರ ಕಣ್ಣೂ ಹಾಗೆಯೇ ಇದ್ದವಂತೆ. ಅತ್ತೆ ಹೇಳುತ್ತಾರೆ: "ನಮ್ಮ ಮನೆಯವರ ಕಣ್ಣೇ ಹಾಗಮ್ಮ. ನಿನ್ನ ಗಂಡ ದುಡಿದು ಉಣ್ಣುತ್ತಿಲ್ಲವೇ?" ಹೆತ್ತ ತಾಯಿ ಹೇಳುತ್ತಾಳೆ: "ನಾಲ್ಕು ಜನರ ಮುಂದೆ ಕರೆದುಕೊಂಡು ಹೋಗಬೇಡ. ಮದುವೆಯ ಹೊತ್ತಿಗೆ ಒಂದು ಆಪರೇಷನ್ ಮಾಡಿಸಿದರಾಯಿತು." ಇಬ್ಬರು ಹಿರಿಯರ ಮಾತಿನಲ್ಲಿಯೂ ಪ್ರೀತಿಯೇ ಇದೆ. ಆದರೂ ಯಾರ ಮಾತಿನಂತೆ ನಡೆದಿದ್ದರೂ ಆ ಕೂಸಿನ ದೃಷ್ಟಿಗೆ ಹಾನಿಯಾಗುತ್ತಿತ್ತು. ಒಬ್ಬರು ಇದನ್ನು ಮನೆತನದ ಗುರುತೆಂದು ಸುಮ್ಮನಿರಿಸುತ್ತಾರೆ. ಇನ್ನೊಬ್ಬರು ಕೇವಲ ರೂಪದ ಕೊರತೆಯೆಂದು ಮುಂದೂಡುತ್ತಾರೆ. ಕಣ್ಣಿಗಾದರೋ ಕಾದಿರುವ ಶಕ್ತಿಯಿಲ್ಲ.

ಇದೇನು ವ್ಯಾಧಿಯೆಂಬುದನ್ನು ವೈದ್ಯರಿಂದ ಕೇಳಿಯೂ ಓದಿಯೂ ನಾನು ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ಮೇಲ್ರೆಪ್ಪೆಯನ್ನು ಎತ್ತುವುದಕ್ಕೆ ಒಂದು ಸಣ್ಣ ಸ್ನಾಯು ಉಂಟು. ಕೆಲವು ಶಿಶುಗಳಲ್ಲಿ ಗರ್ಭದಲ್ಲಿರುವಾಗಲೇ ಅದು ಸರಿಯಾಗಿ ಬೆಳೆಯದೆ, ಸ್ನಾಯುವಿನ ಎಳೆಗಳಿರತಕ್ಕ ಸ್ಥಳದಲ್ಲಿ ಕೊಬ್ಬೂ ನಾರೂ ಸೇರಿಕೊಂಡಿರುತ್ತವೆ. ಇದಕ್ಕೆ ಟೋಸಿಸ್ ಎಂದು ಹೆಸರು. ಇದು ಹೆಚ್ಚಾಗಿ ಮನೆಯಲ್ಲಿ ಒಬ್ಬರಿಗೆ ಮಾತ್ರ ಬರುತ್ತದೆ. ತಲೆತಲಾಂತರವಾಗಿ ಇಳಿದುಬರುವ ಇನ್ನೊಂದು ಬಗೆಯಲ್ಲಿ ನಾಲ್ಕು ಲಕ್ಷಣಗಳು ಕೂಡಿರುತ್ತವೆ: ರೆಪ್ಪೆ ಇಳಿದಿರುವುದು, ಕಣ್ಣಿನ ಸೀಳು ಅಗಲದಲ್ಲಿ ಕಿರಿದಾಗಿರುವುದು, ಕೆಳರೆಪ್ಪೆಯಿಂದ ಮೂಗಿನ ಕಡೆಗೆ ಚರ್ಮದ ಮಡಿಕೆಯೊಂದು ಮೇಲೇರಿರುವುದು, ಎರಡು ಕಣ್ಣುಗಳ ಒಳಮೂಲೆಗಳ ನಡುವೆ ಅಂತರ ಹೆಚ್ಚಿರುವುದು. ಬ್ಲೆಫರೊಫೈಮೋಸಿಸ್ ಎಂಬ ಉದ್ದನೆಯ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಇದಕ್ಕೆ ಕಾರಣವಾದ ಜೀನನ್ನು 2001ರಲ್ಲಿ ಕಂಡುಹಿಡಿದರು. ಅದರ ಹೆಸರು ಫಾಕ್ಸ್‌ಎಲ್2. ಸಾಮಾನ್ಯವಾಗಿ ಇಂಥ ಮಕ್ಕಳ ಬುದ್ಧಿಗೆ ಯಾವ ಕುಂದೂ ಇರುವುದಿಲ್ಲ. ಈ ಮಾತನ್ನು ಉಪಾಧ್ಯಾಯಿನಿಯಾದ ನಾನು ಒತ್ತಿ ಹೇಳಬೇಕಾಗಿದೆ. ಏಕೆಂಬುದು ಮುಂದೆ ತಿಳಿಯುತ್ತದೆ.

ಅವಸರವೇಕೆಂದು ಕೇಳುವಿರಿ. ನೋಡುವ ಶಕ್ತಿ ಕಣ್ಣಿನಲ್ಲಿ ಹುಟ್ಟುವಾಗಲೇ ಪೂರ್ತಿಯಾಗಿ ತುಂಬಿರುತ್ತದೆಂದು ನಾವೆಲ್ಲರೂ ತಿಳಿದಿದ್ದೇವೆ. ಹಾಗಲ್ಲ. ಕೂಸು ಮಾತು ಕಲಿಯುವಂತೆಯೇ ಮೆದುಳು ನೋಡಲು ಕಲಿಯಬೇಕು. ಅದನ್ನು ಬಾಲ್ಯದ ಮೊದಲ ಕೆಲವು ವರ್ಷಗಳಲ್ಲಿಯೇ ಕಲಿಯಬೇಕು. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಕೆಲವು ವಾರಗಳ ಮೇಲೆ ಬಿಚ್ಚಿ ನೋಡಿದರು. ಕಣ್ಣು ಆರೋಗ್ಯವಾಗಿಯೇ ಇತ್ತು. ಆದರೆ ಆ ಕಣ್ಣಿನಿಂದ ಬಂದ ವಾರ್ತೆಯನ್ನು ಮೆದುಳು ಗ್ರಹಿಸಲಾರದೆ ಹೋಯಿತು. ಬೆಳೆದ ಬೆಕ್ಕಿನ ಕಣ್ಣನ್ನು ಹಾಗೆಯೇ ಮುಚ್ಚಿಟ್ಟು ತೆರೆದರೆ ಅಂಥ ಹಾನಿ ಕಾಣಲಿಲ್ಲ. ಈ ಇಬ್ಬರಿಗೆ 1981ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಕಣ್ಣಿನ ಪಾಪೆಯನ್ನು ಮುಚ್ಚುವಷ್ಟು ರೆಪ್ಪೆ ಇಳಿದ ಶಿಶುವಿನ ಸ್ಥಿತಿ ಆ ಮರಿಯ ಸ್ಥಿತಿಯೇ. ಪಾಪೆ ತೆರೆದಿದ್ದರೂ ಇಂಥ ಕಣ್ಣುಗಳಲ್ಲಿ ದೃಷ್ಟಿದೋಷವಿದ್ದು ಕನ್ನಡಕ ಬೇಕಾಗುವುದು ಹೆಚ್ಚು. ಅದನ್ನು ಕೊಡದಿದ್ದರೂ ಕಣ್ಣು ಮಂಕಾಗುತ್ತದೆ. ಇಪ್ಪತ್ತನೆಯ ವಯಸ್ಸಿನಲ್ಲಿ ಮದುವೆಗೆ ಮುಂಚೆ ರೆಪ್ಪೆಯನ್ನೆತ್ತಿದರೆ ಮುಖ ಚೆನ್ನಾಗಿ ಕಂಡೀತು. ಹಾಗೆ ಮಂಕಾಗಿ ಹೋದ ದೃಷ್ಟಿ ಮಾತ್ರ ಆ ಹೊತ್ತಿಗೆ ತಿರುಗಿ ಬರುವುದು ಬಹು ಕಷ್ಟ.

ಆದುದರಿಂದ ಇಂಥ ಶಿಶುವನ್ನು ಹುಟ್ಟಿದ ಮೊದಲ ತಿಂಗಳುಗಳಲ್ಲಿಯೇ ಮಕ್ಕಳ ಕಣ್ಣನ್ನು ಬಲ್ಲ ವೈದ್ಯರಿಗೆ ತೋರಿಸತಕ್ಕದ್ದು. ಬೆಂಗಳೂರಿನ ಮಿಂಟೊ ಆಸ್ಪತ್ರೆಯಂಥ ಸರಕಾರಿ ಕಣ್ಣಾಸ್ಪತ್ರೆಗಳಿವೆ. ಅಂಗನವಾಡಿಯ ಮಕ್ಕಳನ್ನು ಪರೀಕ್ಷಿಸಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವೂ ಬರುತ್ತದೆ. ಆ ದಿನ ಕೂಸನ್ನು ಅಡಗಿಸಿಡಬೇಡಿರಿ. ರೆಪ್ಪೆ ಪಾಪೆಯನ್ನು ಮುಚ್ಚಿದ್ದರೆ ವೈದ್ಯರು ವರ್ಷ ತುಂಬುವ ಮೊದಲೇ ಸಿಲಿಕಾನ್ ಎಳೆಯಿಂದ ರೆಪ್ಪೆಯನ್ನು ಹುಬ್ಬಿನ ಸ್ನಾಯುವಿಗೆ ತೂಗಿ ಕಟ್ಟುವುದುಂಟು. ಮುಚ್ಚಿರದಿದ್ದರೆ ಮೂರು ನಾಲ್ಕು ವರ್ಷ ಕಾದು, ತೊಡೆಯಿಂದ ನಾರಿನಂಥ ಪೊರೆಯನ್ನು ತೆಗೆದು ಅದರಿಂದ ಕಟ್ಟುತ್ತಾರೆ. ಕಿರುಗಣ್ಣಿನ ಬಗೆಯಲ್ಲಿ ಸಾಮಾನ್ಯವಾಗಿ ಮೊದಲು ಒಳಮೂಲೆಯನ್ನು ಸರಿಪಡಿಸಿ, ಕೆಲವು ತಿಂಗಳ ಮೇಲೆ ರೆಪ್ಪೆಯನ್ನೆತ್ತುತ್ತಾರೆ. ಎರಡನೆಯ ಸಲ, ಮೂರನೆಯ ಸಲ ಶಸ್ತ್ರಕ್ರಿಯೆ ಬೇಕಾದರೂ ಬೇಕಾಗಬಹುದು. ಕಣ್ಣು ಪಟದಲ್ಲಿ ಬರೆದಂತೆ ಆಗುವುದೆಂದು ಎಣಿಸಿದ ತಾಯಿತಂದೆಗಳು ಆಮೇಲೆ ಕೊರಗುತ್ತಾರೆ.

ಶಸ್ತ್ರಕ್ರಿಯೆಗಿಂತಲೂ ಕಠಿಣವಾದದ್ದು ಮನೆಯಲ್ಲಿ ನಡೆಯತಕ್ಕ ಕೆಲಸ. ಒಂದು ಕಣ್ಣು ದುರ್ಬಲವಾಗಿದ್ದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆಗಳ ಕಾಲ ಪಟ್ಟಿ ಅಂಟಿಸಬೇಕು. ಕೂಸು ಕಿತ್ತೆಸೆಯುತ್ತದೆ, ಚೀರುತ್ತದೆ. ನೆರೆಯವರು ಬಂದು "ಇದೆಂಥ ತಾಯಿ, ಇರುವ ಕಣ್ಣನ್ನೂ ಮುಚ್ಚುತ್ತಾಳಲ್ಲ" ಅನ್ನುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿನಿ ಇದನ್ನು ಒಂದು ವರ್ಷಕ್ಕೂ ಮೇಲ್ಪಟ್ಟು ನಡೆಸಿದಳು. ಶಸ್ತ್ರಕ್ರಿಯೆಯಾದ ಮೇಲೆ ಮಗು ನಿದ್ದೆಯಲ್ಲಿಯೂ ಅರೆಗಣ್ಣು ತೆರೆದೇ ಇರುವುದನ್ನು ಕಂಡು ಅತ್ತೆ ಹೆದರಿ ರಾತ್ರಿಯೆಲ್ಲ ದೀಪ ಉರಿಸಿಕೊಂಡು ಕುಳಿತಿದ್ದರಂತೆ. ಅದು ಈ ಚಿಕಿತ್ಸೆಯಲ್ಲಿ ಸಹಜ. ಕಣ್ಣು ಒಣಗದಂತೆ ರಾತ್ರಿ ಮುಲಾಮು ಹಾಕಬೇಕು, ಅಷ್ಟೇ. ಇನ್ನು ನೀರು ಹಾಕುವ ಅಜ್ಜಿಯರು ಮೂಗು ನೀವಿದಂತೆ ರೆಪ್ಪೆಯನ್ನೂ ನೀವುವುದು, ಹರಳೆಣ್ಣೆ ಎದೆಹಾಲುಗಳನ್ನು ಕಣ್ಣಿಗೆ ಬಿಡುವುದು, ಕಾಡಿಗೆ ತಿಕ್ಕುವುದು, ಇವುಗಳಿಂದ ಇಲ್ಲದ ಸ್ನಾಯು ಬೆಳೆಯುವುದಿಲ್ಲ. ಕಣ್ಣಿಗೆ ನಂಜು ಮಾತ್ರ ತಗಲೀತು.

ಇದು ಯಾರಿಂದ ಬಂತೆಂಬ ಪ್ರಶ್ನೆ ಪ್ರತಿಯೊಂದು ಮನೆಯಲ್ಲಿಯೂ ಏಳುತ್ತದೆ. ಉತ್ತರ ಸೊಸೆಯ ತಲೆಯ ಮೇಲೆ ಬೀಳುತ್ತದೆ. ಗ್ರಹಣದ ದಿನ ಹೊರಗೆ ಬಂದಳು, ಬಸುರಿಯಾಗಿದ್ದಾಗ ಅದನ್ನು ತಿಂದಳು, ಇದನ್ನು ನೋಡಿದಳು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದೇ ಪ್ರಶ್ನೆಯನ್ನು ಕೇಳಿದರು. ಅವರ ಗುರುವು ಆ ಮನುಷ್ಯನ ಮೇಲೂ ಹೆತ್ತವರ ಮೇಲೂ ಪಾಪವನ್ನು ಹೊರಿಸಲಿಲ್ಲ. ವಿಜ್ಞಾನವು ಹೇಳುವುದೂ ಸ್ಪಷ್ಟವಾಗಿದೆ. ತಾಯಿತಂದೆಗಳಲ್ಲಿ ಒಬ್ಬರಿಗೆ ಈ ಕಿರುಗಣ್ಣಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಎರಡರಲ್ಲಿ ಒಂದು. ನಾಣ್ಯ ಚಿಮ್ಮಿದಂತೆ. ಮೊದಲನೆಯ ಮಗುವಿಗೆ ಬಂದುದರಿಂದ ಎರಡನೆಯದಕ್ಕೆ ಬರುವುದೆಂದಾಗಲಿ ತಪ್ಪುವುದೆಂದಾಗಲಿ ಇಲ್ಲ. ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿ ಒಂದು ಶಿಶುವಿನಲ್ಲಿ ತೋರಿಬರುವುದೂ ಉಂಟು.

ಇಲ್ಲಿ ಇನ್ನೂ ಒಂದು ಸಂಗತಿಯಿದೆ. ಶಾಲೆಯ ಸಂಚಿಕೆಯಲ್ಲಿ ಇಂಥದನ್ನು ಬರೆಯಬಾರದೆಂದು ಕೆಲವರಾದರೂ ಅಂದಾರು. ಹೆಣ್ಣುಮಕ್ಕಳ ಶಾಲೆಯಲ್ಲಿ ಅಲ್ಲದೆ ಬೇರೆಲ್ಲಿ ಬರೆಯೋಣ? ಈ ಜೀನಿಗೆ ಹೆಂಗಸರ ಅಂಡಾಶಯದಲ್ಲಿಯೂ ಕೆಲಸವುಂಟು. ಈ ವ್ಯಾಧಿಯಲ್ಲಿ ಎರಡು ಬಗೆ. ಒಂದರಲ್ಲಿ ಕಣ್ಣಿಗಷ್ಟೇ ತೊಂದರೆ. ಇನ್ನೊಂದರಲ್ಲಿ ಹೆಣ್ಣಾದವಳಿಗೆ ಅಕಾಲದಲ್ಲಿಯೇ ಮುಟ್ಟು ನಿಲ್ಲುತ್ತದೆ, ಮಕ್ಕಳಾಗುವುದು ದುರ್ಲಭವಾಗುತ್ತದೆ. ಆ ಕಾರಣದಿಂದ ಈ ಎರಡನೆಯ ಬಗೆಯು ಮನೆತನಗಳಲ್ಲಿ ಹೆಚ್ಚಾಗಿ ಗಂಡಸರ ಮೂಲಕವೇ ಇಳಿದುಬರುತ್ತದೆ. ಸೊಸೆಯನ್ನು ದೂರುವವರು ಇದನ್ನು ಸ್ವಲ್ಪ ಯೋಚಿಸಬೇಕು.

ನಾನು ಹೇಳುತ್ತಿರುವ ಮನೆಯಲ್ಲಿ ಗಂಡನ ಸೋದರತ್ತೆಯೊಬ್ಬರು ಇದ್ದರು. ಅವರ ಕಣ್ಣೂ ಹಾಗೆಯೇ. ಮದುವೆಯಾಗಿ ಎಂಟು ವರ್ಷ ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಕಳುಹಿಸಿಬಿಟ್ಟಿದ್ದರು. ಅಂದಿನಿಂದ ಅಣ್ಣನ ಮನೆಯ ಹಿಂದುಗಡೆಯ ಕೋಣೆಯಲ್ಲಿ ದಿನ ಕಳೆಯುತ್ತಿದ್ದರು. ಕೂಸಿಗೆ ಹೆಸರಿಟ್ಟ ದಿವಸ ಅದನ್ನು ಎತ್ತಿಕೊಳ್ಳಲು ಅವರಿಗೆ ಬಿಡಲಿಲ್ಲ. ವೈದ್ಯರು ವಂಶವೃಕ್ಷವನ್ನು ಬರೆದುಕೊಳ್ಳುವಾಗ ಆಕೆಯನ್ನು ಕುರಿತು ಕೇಳಿದರು. ಮೂವತ್ತು ತುಂಬುವ ಮೊದಲೇ ಆಕೆಯ ಮುಟ್ಟು ನಿಂತಿತ್ತು. ಕಾರಣವನ್ನು ವೈದ್ಯರು ವಿವರಿಸಿದಾಗ ಆಕೆಗೆ ಐವತ್ತೆರಡು ವರ್ಷ. "ಇದನ್ನು ಆಗ ಯಾರಾದರೂ ನನಗೆ ಹೇಳಿದ್ದರೆ" ಎಂದಷ್ಟೇ ಅಂದರಂತೆ. ಅದೇ ದಿವಸ ತಂದೆಯ ಕಣ್ಣುಗಳನ್ನೂ ಪರೀಕ್ಷಿಸಿದರು. ಎಡಗಣ್ಣಿನಲ್ಲಿ ದೊಡ್ಡ ಅಕ್ಷರ ಸಹ ಓದಲಾರದೆ ಹೋದರು. ಎಲ್ಲರಿಗೂ ಒಂದು ಕಣ್ಣು ಹೀಗೆಯೇ ಇರುತ್ತದೆಂದು ಅವರು ನಂಬಿದ್ದರು. ದುಡಿದು ಉಣ್ಣುತ್ತಿದ್ದುದು ಒಂದೇ ಕಣ್ಣಿನಿಂದ.

ಆದುದರಿಂದ ನನ್ನ ಅಭಿಪ್ರಾಯವಿದು. ಹಿರಿಯರಿಗೆ ಹಿಡಿಸದಿದ್ದರೆ ಕ್ಷಮೆಯಿರಲಿ. ಹೆಣ್ಣುಮಗಳಿಗೆ ತನ್ನ ಕಣ್ಣಿನ ವಿಷಯವನ್ನು ಚಿಕ್ಕಂದಿನಿಂದಲೂ, ಇನ್ನೊಂದು ವಿಷಯವನ್ನು ಮೈನೆರೆಯುವ ವಯಸ್ಸಿನಲ್ಲಿಯೂ, ತಾಯಿಯೇ ವೈದ್ಯರ ಸಹಾಯದಿಂದ ತಿಳಿಯಪಡಿಸಬೇಕು. ಮದುವೆಯ ಮಾತುಕತೆಯ ದಿನ ತಿಳಿಯುವಂತಾಗಬಾರದು. ಮದುವೆಯಾಗಿ ಎಂಟು ವರ್ಷದ ಮೇಲಂತೂ ಆಗಲೇಬಾರದು. ತಿಳಿದವಳಿಗೆ ವೈದ್ಯರು ಮಾಡಬಹುದಾದುದು ಈಗ ಎಷ್ಟೋ ಉಂಟು. ಎಲುಬು ಸವೆಯದಂತೆ ಹಾರ್ಮೋನು ಕೊಡುತ್ತಾರೆ. ಬಚ್ಚಿಟ್ಟು ಮಾಡಿದ ಮದುವೆಯಿಂದ ಹಿಂದಿರುಗಿ ಬಂದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ.

ಉಪಾಧ್ಯಾಯಿನಿಯರ ತಪ್ಪನ್ನೂ ಹೇಳದಿದ್ದರೆ ಈ ಲೇಖನ ನ್ಯಾಯವಾಗಲಾರದು. ನಾನು ಹೊಸದಾಗಿ ತರಬೇತಿ ಮುಗಿಸಿ ಬಂದ ಕಾಲದಲ್ಲಿ, ಎಂಟನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಯಾವಾಗಲೂ ತಲೆಯನ್ನು ಹಿಂದಕ್ಕೆ ಚೆಲ್ಲಿ, ಮೂಗಿನ ತುದಿಯಿಂದ ನನ್ನನ್ನು ನೋಡುತ್ತಿದ್ದಳು. ಅದನ್ನು ನಾನು ಗರ್ವವೆಂದು ತಿಳಿದೆ. ಒಂದು ದಿನ ಎಲ್ಲರೆದುರು "ತಲೆ ತಗ್ಗಿಸಿ ಕೂತುಕೋ" ಎಂದು ಗದರಿಸಿದೆ. ಅವಳು ತಗ್ಗಿಸಿದಳು. ಅಂದಿನಿಂದ ಕರಿಹಲಗೆಯ ಮೇಲಿನ ಒಂದಕ್ಷರವೂ ಅವಳ ನೋಟ್ ಬುಕ್ಕಿಗೆ ಬರಲಿಲ್ಲ. ಆ ವರ್ಷದ ಗಣಿತದಲ್ಲಿ ಅವಳು ತೇರ್ಗಡೆಯಾಗಲಿಲ್ಲ. ರೆಪ್ಪೆಯ ಅಂಚಿನ ಕೆಳಗಿನಿಂದ ನೋಡುವುದಕ್ಕೆ ಅವಳಿಗೆ ಬೇರೆ ದಾರಿಯಿರಲಿಲ್ಲವೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವಳ ವಿಳಾಸ ಈಗ ನನ್ನಲ್ಲಿಲ್ಲ. ಈ ಸಂಚಿಕೆಯನ್ನು ಅವಳು ಓದಿದರೆ ನನ್ನನ್ನು ಕಾಣಲು ಬರಬೇಕೆಂದು ಬೇಡಿಕೊಳ್ಳುತ್ತೇನೆ.

ಇಂಥ ಮಗುವನ್ನು ಮುಂದಿನ ಬೆಂಚಿನಲ್ಲಿ, ಹಲಗೆಗೆ ನೇರವಾಗಿ ಕೂರಿಸಿರಿ. ತಲೆಯನ್ನು ಅದು ಹೇಗೆ ಹಿಡಿದುಕೊಂಡರೂ ಸುಮ್ಮನಿರಿ. ಫೋಟೋ ತೆಗೆಯುವವನು "ಕಣ್ಣು ಬಿಡಮ್ಮ" ಎಂದು ಕೂಗಿದರೆ, ಬಿಟ್ಟಿದ್ದಾಳೆಂದು ತಾಯಿಯೇ ಹೇಳಿಬಿಡಲಿ. ಮಗುವಿಗೂ ಒಂದು ಉತ್ತರವನ್ನು ಕಲಿಸಿರಿ. ನಮ್ಮ ಈ ಪುಟಾಣಿಗೆ ಕಲಿಸಿದ ಉತ್ತರ, "ನನಗೆ ನಿದ್ದೆ ಬಂದಿಲ್ಲ, ನನ್ನ ರೆಪ್ಪೆ ಹೀಗೇ" ಎಂಬುದು. ಅವಳು ಅದನ್ನು ಕೇಳದವರಿಗೂ ಹೇಳುತ್ತಾಳೆ.

ಹೋದ ಜೂನಿನಲ್ಲಿ ಅವಳನ್ನು ನಮ್ಮ ಪ್ರಾಥಮಿಕ ವಿಭಾಗದ ಒಂದನೆಯ ತರಗತಿಗೆ ಸೇರಿಸಲು ಕರೆತಂದರು. ಎರಡು ಶಸ್ತ್ರಕ್ರಿಯೆಗಳಾಗಿವೆ, ಕನ್ನಡಕವಿದೆ. ಒಂದು ರೆಪ್ಪೆ ಇನ್ನೊಂದಕ್ಕಿಂತ ಸ್ವಲ್ಪ ಕೆಳಗೇ ನಿಂತಿದೆ. ಅವಳ ಕೈಹಿಡಿದುಕೊಂಡು ಬಂದಿದ್ದವರು ಆ ಸೋದರತ್ತೆಯವರೇ. ಬೆಳಿಗ್ಗೆ ಶಾಲೆಗೆ ಬಿಡುವುದೂ ಸಂಜೆ ಕರೆದೊಯ್ಯುವುದೂ ಇನ್ನು ತಮ್ಮ ಪಾಲಿನ ಕೆಲಸವೆಂದು ನನಗೆ ತಿಳಿಸಿದರು. ತಾಯಿಯು ಪ್ರವೇಶದ ಅರ್ಜಿಯನ್ನು ತುಂಬುತ್ತ "ಗುರುತಿನ ಚಿಹ್ನೆ" ಎಂಬ ಅಂಕಣಕ್ಕೆ ಬಂದು ಲೇಖನಿಯನ್ನು ನಿಲ್ಲಿಸಿ ನನ್ನ ಮುಖವನ್ನು ನೋಡಿದಳು. ನಾನು ಏನೂ ಹೇಳಲಿಲ್ಲ. ಮಗು ಮೇಜಿನ ಅಂಚಿಗೆ ಗಲ್ಲವನ್ನಾನಿಸಿ ಆ ಅಂಕಣವೇನೆಂದು ಕೇಳಿತು. ಅತ್ತೆಯವರು ಬಿಡಿಸಿ ಹೇಳಿದರು. ಅದು ಲಂಗವನ್ನು ಸ್ವಲ್ಪ ಮೇಲೆತ್ತಿ, ಬಲಮೊಣಕಾಲಿನ ಪಕ್ಕದಲ್ಲಿದ್ದ ಕರಿಯ ಮಚ್ಚೆಯನ್ನು ನಮಗೆಲ್ಲರಿಗೂ ತೋರಿಸಿತು. ತಾಯಿ ಅದನ್ನೇ ಬರೆದಳು.