ಗಣಕಗಟ್ಟೆ: ಇಪ್ಪತ್ತು ಬೈಟಿನ ಮನೆಗೆ ಲಕ್ಷ್ಮೀನಾರಾಯಣರು

ರಾಜ್ಯೋತ್ಸವದ ಸಂಚಿಕೆ ಅಚ್ಚಿಗೆ ಹೊರಟಿದೆ, "ನಿಮ್ಮ ಗಣಕಗಟ್ಟೆ ಎಲ್ಲಿ ಸ್ವಾಮಿ?" ಎಂದು ಸಂಪಾದಕರ ಫೋನು. "ಈ ಸಲ ಐಟಿಯವರಲ್ಲದವರಿಗೂ ಅರ್ಥವಾಗುವ ಹಾಗೆ ಬರೆಯಿರಿ" ಎಂಬ ಒಗ್ಗರಣೆ ಬೇರೆ. ಆಗಲಿ, ಪ್ರಯತ್ನಿಸುತ್ತೇನೆ. ಈ ಸಲದ ವಿಷಯ ಲಿನಕ್ಸ್ ಮೇಲೆ ಓಡುವ ಒಂದು ಪುಟ್ಟ ಸಿ ಪ್ರೋಗ್ರಾಮು ಮತ್ತು ನಮ್ಮ ನಿಮ್ಮ ಹೆಸರುಗಳು.

ಹಬ್ಬಕ್ಕೆ ಬಂದವರ ಬ್ಯಾಡ್ಜುಗಳನ್ನು ಅಚ್ಚು ಹಾಕಿಕೊಡುವುದು ಈ ಪ್ರೋಗ್ರಾಮಿನ ಕೆಲಸ. ಇಷ್ಟು ವರ್ಷ ಹೆಸರುಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು. ಈ ಬಾರಿ ಕನ್ನಡದಲ್ಲಿರಲಿ ಎಂದು ಕಮಿಟಿ ತೀರ್ಮಾನಿಸಿತು. ಊರಿನಿಂದ ಮಕ್ಕಳ ಮನೆಗೆ ಬಂದಿರುವ ಅಜ್ಜ ಅಜ್ಜಿಯರಿಗೆ ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಇಂಗ್ಲಿಷ್ ಬೋರ್ಡು. ಒಂದು ದಿನವಾದರೂ ತಮ್ಮ ಹೆಸರನ್ನು ತಾವೇ ಓದಿಕೊಳ್ಳಲಿ ಎಂಬ ಆಸೆ. ಕೆಲಸ ಬಿದ್ದದ್ದು ಕಾಲೇಜಿನ ಎರಡನೇ ವರ್ಷದ ಒಬ್ಬ ಹುಡುಗಿಯ ತಲೆಗೆ. ಇಲ್ಲೇ ಹುಟ್ಟಿ, ಭಾನುವಾರದ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿದವಳು.

"ಅಂಕಲ್, ಇಂಗ್ಲಿಷ್ ಲಿಸ್ಟ್ ಕೊಟ್ಟರೆ ಚೆನ್ನಾಗಿ ಓಡುತ್ತೆ. ಕನ್ನಡ ಲಿಸ್ಟ್ ಕೊಟ್ಟರೆ ಲಕ್ಷ್ಮೀನಾರಾಯಣ ತಾತನ ಹೆಸರು ಬಂದ ತಕ್ಷಣ ಸತ್ತುಹೋಗುತ್ತೆ" ಎಂದಳು. ಪರದೆಯ ಮೇಲೆ 'ಸ್ಟ್ಯಾಕ್ ಸ್ಮ್ಯಾಷಿಂಗ್ ಡಿಟೆಕ್ಟೆಡ್' ಎಂಬ ಸಾಲು. ಪಾಪ, ತಾತ ಯಾರ ಸ್ಟ್ಯಾಕನ್ನೂ ಮುಟ್ಟಿದವರಲ್ಲ!

ಸಿ ಭಾಷೆಯಲ್ಲಿ ಬರೆದದ್ದು ಯಂತ್ರಕ್ಕೆ ನೇರವಾಗಿ ತಿಳಿಯುವುದಿಲ್ಲ. ಅಕ್ಕಿ ಉದ್ದು ನೆನೆದು, ರುಬ್ಬಿಸಿಕೊಂಡು, ಹುದುಗಿ, ಬೆಂದು ಇಡ್ಲಿಯಾಗುವಂತೆ ಅದೂ ನಾಲ್ಕು ಹಂತ ದಾಟಬೇಕು. ಲಿನಕ್ಸ್‌ನಲ್ಲಿ ಆ ನಾಲ್ಕನ್ನೂ ಜಿಸಿಸಿ ಎಂಬ ಒಂದೇ ಆಜ್ಞೆ ಮಾಡಿಸುತ್ತದೆ. 'ಮೈನಸ್ ಡಬ್ಲ್ಯೂ ಆಲ್' ಎಂದು ಸೇರಿಸಿದರೆ, ಅನುಮಾನ ಬಂದಲ್ಲಿ ಅತ್ತೆಯಂತೆ ಎಚ್ಚರಿಸುತ್ತದೆ ಕೂಡ. ನಮ್ಮ ಪ್ರೋಗ್ರಾಮಿಗೆ ಮಾತ್ರ ಅತ್ತೆಯಿಂದ ಚಕಾರವಿಲ್ಲ. ಯಾರ ಹೆಸರು ಎಷ್ಟು ಉದ್ದ ಎಂಬುದು ಪಟ್ಟಿಯಲ್ಲಿದೆ. ಪಟ್ಟಿ ತೆರೆಯುವುದು ಪ್ರೋಗ್ರಾಮು ಓಡುವಾಗ. ಅಡುಗೆಯಾಗುವಾಗ ಅತಿಥಿಗಳೆಷ್ಟು ಎಂದು ಒಲೆಗೆ ಹೇಗೆ ಗೊತ್ತು?

ಆದ್ದರಿಂದ ಓಡುವಾಗಲೇ ಕಾವಲು ಕಾಯುವವರು ಬೇಕು. ಅಡ್ರೆಸ್ ಸ್ಯಾನಿಟೈಸರ್ ಎಂಬ ಕಾವಲುಗಾರ 2013ರಿಂದ ಜಿಸಿಸಿಯ ಒಳಗೇ ಇದ್ದಾನೆ. ಸಾಲಿನ ಸಂಖ್ಯೆ ಉಳಿಸಿಕೊಳ್ಳಲು 'ಮೈನಸ್ ಜಿ' ಹಾಕಿ, ಅವನನ್ನೂ ಮೇಕ್‌ಫೈಲಿನಲ್ಲಿ ಸೇರಿಸು ಎಂದೆ. ಸೇರಿಸಿದಳು. ಮೇಕ್ ಮಾತ್ರ 'ಎಲ್ಲ ಸರಿಯಾಗಿದೆ, ಮಾಡಲು ಏನೂ ಇಲ್ಲ' ಎಂದು ಕಾಲು ಚಾಚಿ ಕೂತಿತು. ಫೈಲಿನ ವೇಳೆ ಬದಲಾಗಿದೆಯೇ ಎಂದಷ್ಟೇ ನೋಡುವ ಸೋಮಾರಿ ಅದು. ಆಜ್ಞೆ ಬದಲಾದದ್ದು ಅದಕ್ಕೆ ಕಾಣುವುದಿಲ್ಲ. 'ಮೇಕ್ ಕ್ಲೀನ್' ಎಂದು ಹಳೆಯದನ್ನೆಲ್ಲ ಗುಡಿಸಿದ ಮೇಲೆ ಮೈ ಮುರಿದು ಎದ್ದಿತು.

ಆಮೇಲೆ ನಡೆದದ್ದೇ ಸ್ವಾರಸ್ಯ. ಕಾವಲುಗಾರ ಹಿಡಿದದ್ದು ತಾತನನ್ನಲ್ಲ, ಪಟ್ಟಿಯಲ್ಲಿ ಅವರಿಗಿಂತ ಮೇಲಿದ್ದ ಪದ್ಮಾವತಿಯವರನ್ನು! ಹೆಸರಿಗೆ ಇಟ್ಟಿದ್ದ ಜಾಗ 20 ಬೈಟು, ಅಲ್ಲಿ ಬರೆದದ್ದು 25 ಎಂದು ಸಾಲಿನ ಸಂಖ್ಯೆ ಸಮೇತ ವರದಿ ಕೊಟ್ಟ.

ಲೆಕ್ಕ ನೋಡಿ. ಕಣ್ಣಿಗೆ ಪದ್ಮಾವತಿ ನಾಲ್ಕೇ ಅಕ್ಷರ. ಯೂನಿಕೋಡಿಗೆ ವ್ಯಂಜನ, ಒತ್ತಿಗೆ ಬೇಕಾದ ವಿರಾಮ, ಗುಣಿತದ ಚಿಹ್ನೆ ಎಲ್ಲ ಬೇರೆ ಬೇರೆ, ಒಟ್ಟು ಎಂಟು. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟಾದರೆ ಕನ್ನಡದ ಪ್ರತಿ ಚಿಹ್ನೆಗೆ ಮೂರು. ಅಲ್ಲಿಗೆ 24, ಸಿ ಭಾಷೆ ಕೊನೆಯಲ್ಲಿಡುವ ಸೊನ್ನೆ ಸೇರಿ 25. ಲಕ್ಷ್ಮೀನಾರಾಯಣ ಎಂದರೆ ಹದಿಮೂರು ಚಿಹ್ನೆ, ಸೊನ್ನೆ ಸೇರಿ 40 ಬೈಟು. ಇಂಗ್ಲಿಷಿನಲ್ಲಿ ಅದೇ ತಾತ 16 ಬೈಟಿನಲ್ಲಿ ಹಾಯಾಗಿ ಕೂರುತ್ತಿದ್ದರು.

ಹಾಗಾದರೆ ಮೊದಲು ಪದ್ಮಾವತಿಯವರು ಪಾರಾದದ್ದು ಹೇಗೆ? ಅವರ ಜಾಗದ ಪಕ್ಕದಲ್ಲಿ ನಾಲ್ಕು ಬೈಟು ಖಾಲಿ ಇತ್ತು. ಅದರಾಚೆ ಗಡಿಕಲ್ಲು, ಅದು ಮುಕ್ಕಾದರೆ 'ಸ್ಮ್ಯಾಷಿಂಗ್' ಎಂಬ ಕೂಗು. ಆ ಕಲ್ಲಿನ ಮೊದಲ ಬೈಟು ಸೊನ್ನೆ. ಇವರ ಇಪ್ಪತ್ತೈದನೆಯದೂ ಸೊನ್ನೆ. ಸೊನ್ನೆಯ ಮೇಲೆ ಸೊನ್ನೆ ಬಿದ್ದರೆ ಯಾರಿಗೆ ಕಂಡೀತು?

'ಪರ್ಸೆಂಟ್ 19 ಎಸ್' ಎಂದು ಬರೆದರೆ ಹೆಚ್ಚಿನದನ್ನು ಕತ್ತರಿಸಿಬಿಡುತ್ತದೆ, ಸಾಕಲ್ಲವೇ ಎಂದಳು ಹುಡುಗಿ. ಪುಸ್ತಕದ ಪ್ರಕಾರ ಅದು ಸುರಕ್ಷಿತವೇ. ಆದರೆ 19ಕ್ಕೆ ಕತ್ತರಿಸಿದರೆ ತಾತನ ಬ್ಯಾಡ್ಜಿನಲ್ಲಿ 'ಲಕ್ಷ್ಮ' ಮತ್ತು ಒಂದು ಮುರುಕು ಬೈಟು ಉಳಿಯುತ್ತದೆ. ಪ್ರೋಗ್ರಾಮು ಉಳಿಯಿತು, ನಾರಾಯಣ ಹೋದ! ನಾನು ಒಪ್ಪಲಿಲ್ಲ. 'ಗೆಟ್‌ಲೈನ್' ಎಂಬ ಫಂಕ್ಷನ್ ಹೆಸರು ಬಂದಷ್ಟು ಉದ್ದಕ್ಕೆ ತಾನೇ ಜಾಗ ಹೊಂದಿಸಿಕೊಳ್ಳುತ್ತದೆ. ಸಾಲಿನ ಕೊನೆಯ ಚಿಹ್ನೆಯನ್ನು ತೆಗೆದು, ಕೆಲಸ ಮುಗಿದ ಮೇಲೆ ಜಾಗ ಬಿಟ್ಟುಕೊಟ್ಟರೆ ಆಯಿತು. ಹೆಸರಿನ ನಡುವಿನ ಖಾಲಿ ಜಾಗಕ್ಕೂ ಅದು ಬೆದರುವುದಿಲ್ಲ.

ಒಂದು ತಮಾಷೆ. ಡೆನ್ನಿಸ್ ರಿಚಿ 1972ರ ಸುಮಾರಿಗೆ ಸಿ ಭಾಷೆ ಕಟ್ಟಿದ ಬೆಲ್ ಲ್ಯಾಬ್ಸ್ ಇರುವುದು ನಮ್ಮ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನ ಒಂದು ರಾತ್ರಿ ಯುಟಿಎಫ್-8 ರೂಪಿಸಿದ್ದೂ ನ್ಯೂಜೆರ್ಸಿಯ ಒಂದು ಡೈನರಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ. ಜಗಳವಾಡಿದ ಇಬ್ಬರೂ ನಮ್ಮ ನೆರೆಹೊರೆಯವರೇ ಎನ್ನಿ.

ಪದ್ಮಾವತಿಯವರೂ ತಾತನೂ ಈಗ ಪೂರ್ತಿಯಾಗಿ ಅಚ್ಚಾಗುತ್ತಿದ್ದಾರೆ. ನೋಂದಣಿ ಹಾಳೆ ತುಂಬುವವರು ದಯವಿಟ್ಟು ಹೆಸರನ್ನು ಮೊಟಕು ಮಾಡದೆ, ಊರಿನ ಹೆಸರು, ತಂದೆಯ ಹೆಸರು ಸೇರಿಸಿ, ಕನ್ನಡದಲ್ಲೇ ಬರೆದು ಕಳಿಸಿ. ಜಾಗವಿದೆ.