ಇರುವೆ ಸಾಕುವುದಾದರೆ ಅಂಗಳದ್ದೇ ಸಾಕು

ಸಕ್ಕರೆ ಮೂಟೆಗೆ ಇರುವೆ ಹತ್ತದಂತೆ ಅರಿಶಿನ ಚೆಲ್ಲಿ, ಲಕ್ಷ್ಮಣರೇಖೆ ಸೀಮೆಸುಣ್ಣದಿಂದ ಗೀಟು ಎಳೆದೆಳೆದು ಸುಸ್ತಾಗಿರುವ ಅಂಗಡಿಯವರಿಗೆ ಇದು ಶುದ್ಧ ಹುಚ್ಚು ಅನ್ನಿಸೀತು. ಇರುವೆಯನ್ನು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಕೊಂಡು ತಂದು ಗಾಜಿನ ಗೂಡಿನಲ್ಲಿಟ್ಟು, ಜೇನುತುಪ್ಪ ಕೊಟ್ಟು, ನಾಯಿ ಬೆಕ್ಕು ಸಾಕಿದ ಹಾಗೆ ಸಾಕುತ್ತಾರೆ. ಯುರೋಪಿನ ಪೇಟೆಯಲ್ಲಿ ಆಫ್ರಿಕಾದ ಒಂದು ರಾಣಿ ಇರುವೆಗೆ ಸಾವಿರಗಟ್ಟಲೆ ರೂಪಾಯಿ!

2025ರ ಏಪ್ರಿಲ್‌ನಲ್ಲಿ ಕೀನ್ಯಾ ದೇಶದಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಸಿಕ್ಕಿಬಿದ್ದರು. ಇಬ್ಬರಿಗೂ 19 ವರ್ಷ. ಅವರ ಬಳಿ ಸಿಕ್ಕಿದ್ದು ಆನೆದಂತವಲ್ಲ, ಘೇಂಡಾಮೃಗದ ಕೊಂಬೂ ಅಲ್ಲ, ಸುಮಾರು 5,000 ಇರುವೆ. ಎರಡು ಸಾವಿರಕ್ಕೂ ಹೆಚ್ಚು ಕೊಳವೆಗಳಲ್ಲಿ ಹತ್ತಿ ತುರುಕಿ ಅಚ್ಚುಕಟ್ಟಾಗಿ ತುಂಬಿಟ್ಟಿದ್ದರು. ಹವ್ಯಾಸಕ್ಕೆ ಹಿಡಿದೆವು ಅಂದರು. ಐದು ಸಾವಿರ ಹಿಡಿಯುವುದು ಎಂಥ ಹವ್ಯಾಸವೋ! ಮೇ ತಿಂಗಳಲ್ಲಿ ನ್ಯಾಯಾಲಯ ತಲಾ 10 ಲಕ್ಷ ಶಿಲ್ಲಿಂಗ್, ಅಂದರೆ ಆರು ಲಕ್ಷ ರೂಪಾಯಿಗೂ ಮೇಲೆ ದಂಡ ಹಾಕಿತು. ಕಟ್ಟದಿದ್ದರೆ ಒಂದು ವರ್ಷ ಜೈಲು.

ಹಾಗಂತ ಇರುವೆ ಸಾಕುವುದೇ ತಪ್ಪು ಅನ್ನುವಂತಿಲ್ಲ. ಇಂಗ್ಲೆಂಡಿನಲ್ಲಿ ಜಾನ್ ಲಬಕ್ ಎಂಬ ಬ್ಯಾಂಕ್ ಸಾಹುಕಾರ ನೂರೈವತ್ತು ವರ್ಷದ ಹಿಂದೆಯೇ ಎರಡು ಗಾಜಿನ ಹಲಗೆಗಳ ನಡುವೆ ಇರುವೆ ಗೂಡು ಕಟ್ಟಿಸಿ ನೋಡಿದ, 1882ರಲ್ಲಿ ಪುಸ್ತಕವನ್ನೂ ಬರೆದ. ಅವನ ಒಂದು ರಾಣಿ ಸುಮಾರು 15 ವರ್ಷ ಬದುಕಿತ್ತು. ನಾಯಿಯ ಆಯುಸ್ಸಿಗೆ ಅದೇನೂ ಕಡಿಮೆಯಲ್ಲ.

ಖರ್ಚೂ ಹೆಚ್ಚಿಲ್ಲ. ಮಳೆ ಬಿದ್ದ ಮೇಲೆ ರೆಕ್ಕೆಯ ಇರುವೆಗಳು ಹಾರುತ್ತವೆ. ಜೋಡಿಯಾದ ಮೇಲೆ ಗಂಡು ಸಾಯುತ್ತದೆ, ರಾಣಿ ರೆಕ್ಕೆ ಕಳಚಿ ನೆಲ ಹುಡುಕುತ್ತದೆ. ಅದನ್ನು ಒಂದು ಗಾಜಿನ ಕೊಳವೆಗೆ ಬಿಡಬೇಕು. ಕೊಳವೆಯ ತಳದಲ್ಲಿ ನೀರು, ನೀರಿಗೆ ಅಡ್ಡ ಹತ್ತಿ, ಬಾಯಿಗೂ ಹತ್ತಿ. ಆಮೇಲೆ ಕತ್ತಲೆಯಲ್ಲಿಟ್ಟು ಮರೆತುಬಿಡಬೇಕು. ಗೊದ್ದದಂಥ ಜಾತಿಯ ರಾಣಿಗೆ ಆಗ ಊಟವೇ ಬೇಡ. ಇನ್ನು ಹಾರುವ ಕೆಲಸವಿಲ್ಲವಲ್ಲ, ರೆಕ್ಕೆಯ ಸ್ನಾಯುವನ್ನೇ ಒಳಗೊಳಗೆ ಕರಗಿಸಿ ಮೊದಲ ಮರಿಗಳಿಗೆ ಉಣಿಸುತ್ತದೆ. ಇದನ್ನು ಕಣ್ಣಾರೆ ನೋಡಿದ ಹುಡುಗ ಮುಂದೆ ಇರುವೆ ಸಾಲಿನ ಮೇಲೆ ಕಾಲಿಡಲು ಯೋಚನೆ ಮಾಡಿಯಾನು. ಕೆಲಸಗಾರ ಇರುವೆಗಳು ಬಂದ ಮೇಲೆ ಒಂದು ಹನಿ ಸಕ್ಕರೆ ನೀರು, ಆಗಾಗ ಒಂದು ಸತ್ತ ನೊಣ. ಅಷ್ಟೇ. ಬೀದಿದೀಪಕ್ಕೆ ಮುತ್ತುವ ಈಸಲು ಹುಳುವನ್ನು ಹಿಡಿದು ತಂದು ಇರುವೆ ಅಂತ ಕಾಯುವವರೂ ಇದ್ದಾರೆ. ಅದು ಗೆದ್ದಲು! ನಾಲ್ಕು ರೆಕ್ಕೆಯೂ ಒಂದೇ ಉದ್ದವಿದ್ದರೆ ಗೆದ್ದಲು, ಸೊಂಟ ಸಣ್ಣಗಿದ್ದು ಮುಂದಿನ ರೆಕ್ಕೆ ದೊಡ್ಡದಿದ್ದರೆ ಇರುವೆ.

ತಕರಾರು ಇರುವುದು ವ್ಯಾಪಾರದ ಮೇಲೆ. ರಾಣಿಯೊಂದನ್ನು ಹಿಡಿದರೆ ಹೋಗುವುದು ಒಂದು ಹುಳುವಲ್ಲ, ಅದರಿಂದ ಹುಟ್ಟಬೇಕಿದ್ದ ಇಡೀ ಗೂಡು. ಇನ್ನು ಹೊರಗಿನ ಇರುವೆ ಬಂದು ಸೇರಿದರೆ ಏನಾಗುತ್ತದೆ ಅನ್ನುವುದನ್ನೂ ಕೀನ್ಯಾವೇ ತೋರಿಸಿದೆ. ಅಲ್ಲಿನ ಲೈಕಿಪಿಯಾ ಬಯಲಿನ ಜಾಲಿ ಜಾತಿಯ ಮುಳ್ಳುಮರಗಳನ್ನು ಕಾಯುತ್ತಿದ್ದುದು ಆ ಮರದಲ್ಲೇ ಗೂಡು ಮಾಡುವ ಇರುವೆ. ಆನೆ ಸೊಂಡಿಲು ಚಾಚಿದರೆ ಸೊಂಡಿಲಿಗೇ ಕಚ್ಚುತ್ತಿತ್ತು. ಹೊರಗಿನಿಂದ ಬಂದ ದಪ್ಪತಲೆಯ ಇರುವೆ ಈ ಕಾವಲುಗಾರರನ್ನು ಕೊಂದುಹಾಕಿತು. ಆನೆಗಳು ಮರ ಮುರಿದವು, ಬಯಲು ಬೋಳಾಯಿತು, ಹೊಂಚು ಹಾಕಲು ಮರೆಯಿಲ್ಲದ ಸಿಂಹಗಳು ಜೀಬ್ರಾ ಬೇಟೆ ಕಡಿಮೆ ಮಾಡಿ ಕಾಡೆಮ್ಮೆಯ ಮೇಲೆ ಬಿದ್ದವು. 2024ರಲ್ಲಿ ವಿಜ್ಞಾನಿಗಳು ಲೆಕ್ಕ ಸಮೇತ ಬರೆದ ವಿಷಯ ಇದು, ಅಜ್ಜಿಕಥೆಯಲ್ಲ. ಆ ಇರುವೆಯನ್ನು ಸಾಕಿ ಬಿಟ್ಟವರು ಯಾರೂ ಇಲ್ಲ, ಸರಿ. ಆದರೆ ಅಂಚೆಯಲ್ಲಿ ತರಿಸಿದ ಗೂಡು ಒಡೆದು ತೋಟಕ್ಕೆ ಹೋದರೆ ಫಲ ಬೇರೆಯಾಗುತ್ತದೆಯೇ?

ಹೊರದೇಶದಿಂದ ಜೀವಂತ ಕೀಟವನ್ನು ಪರವಾನಗಿ ಇಲ್ಲದೆ ತರುವಂತಿಲ್ಲ. ಹೊರಗಿನ ಕೀಟ ತಡೆಯಲೆಂದೇ ಈ ದೇಶದಲ್ಲಿ 1914ರಿಂದ ಕಾನೂನು ಇದೆ. ಆದರೆ ಮಕ್ಕಳು ಮೊಬೈಲಿನಲ್ಲಿ ಕೇಳಿದ್ದನ್ನೆಲ್ಲ ತರಿಸಿಕೊಡುವ ಅಪ್ಪಂದಿರಿಗೆ ಇದನ್ನು ಹೇಳುವವರು ಯಾರು? ಪೆಟ್ಟಿಗೆ ಮನೆಗೆ ಬರುವ ಮೊದಲೇ ಒಳಗಿರುವ ಇರುವೆ ಎಲ್ಲಿಯದು ಅಂತ ಕೇಳಬೇಕು. ಉತ್ತರ ತಡವರಿಸಿದರೆ ವಾಪಸು ಕಳಿಸಬೇಕು.

ಹುಡುಗರಿಗೆ ಆಸೆಯಿದ್ದರೆ ಅಂಗಳದ ಗೊದ್ದ ಸಾಕು. ಒಂದೇ ರಾಣಿ, ಒಂದೇ ಕೊಳವೆ. ಮಲೆನಾಡಿನವರು ಚಗಳಿಯನ್ನು ಚಟ್ನಿಗೆ ಬಿಟ್ಟು ಮನೆಯೊಳಗೆ ತರದಿರುವುದು ಕ್ಷೇಮ, ಅದು ಗಾಜಿನ ಡಬ್ಬಿಗೆ ಬಗ್ಗುವ ಜೀವವಲ್ಲ. ಸಾಕಿ ಬೇಸರ ಬಂದರೆ ಗೊದ್ದವನ್ನು ಹಿಡಿದ ಜಾಗದಲ್ಲೇ ಬಿಡಬಹುದು. ಎಲ್ಲಿಂದಲೋ ತರಿಸಿದ್ದಾದರೆ ಚರಂಡಿಗೂ ಬೇಡ, ಬೇಲಿಗೂ ಬೇಡ. ಡಬ್ಬಿಯ ಸಮೇತ ಫ್ರಿಜ್ಜಿನ ಐಸ್ ಖಾನೆಯಲ್ಲಿ ಎರಡು ದಿನ ಇಟ್ಟು, ಸತ್ತದ್ದು ಖಾತ್ರಿಯಾದ ಮೇಲೆಯೇ ಎಸೆಯಬೇಕು.