ನೆಟ್ ಪೆಟ್ಟಿಗೆಯ ಬ್ಯಾಟರಿಗೆ ಎಷ್ಟು ವರ್ಷ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಸುದ್ದಿಗೆ ಅಲೆಯುವಾಗ ಕೇಳಿಸೋ ಮಾತು: “ಕರೆಂಟ್ ಇಲ್ಲ, ನೆಟ್ ಇಲ್ಲ, ನಾಳೆ ಬಾ ಅಜ್ಜಿ.” ಪಹಣಿಗೆ ಬಂದವರಿಗೆ ಆ ‘ನಾಳೆ’ ಅಂದ್ರೆ ಇನ್ನೊಂದು ದಿನದ ಕೂಲಿ ಖೋತಾ.

ಪಂಚಾಯಿತಿವರೆಗೆ ಭಾರತ್‌ನೆಟ್ ಫೈಬರ್ ಸರಿಯಾಗೇ ಇದ್ದರೂ, ತುದಿಯ ಪೆಟ್ಟಿಗೆಗೆ ಕರೆಂಟ್ ಬೇಕು. ಅದು ಹೋದಾಗ ಕಾಯೋದು ಬ್ಯಾಟರಿ. ಲೆಡ್ ಆಸಿಡ್ ಬ್ಯಾಟರಿಗೆ 25 ಡಿಗ್ರಿ ಹಿತ. ಅದಕ್ಕಿಂತ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಮ್ಮಿ ಅರ್ಧ. ಜಗಳೂರಿನ ಬೇಸಿಗೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಕಾವು ನೀವೇ ಊಹಿಸಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ದುಬಾರಿ, ಆದರೆ ಹೆಚ್ಚು ವರ್ಷ ಬಾಳುತ್ತೆ.

ಯಾವುದೇ ಇರಲಿ, ನೆರಳಲ್ಲಿಡಲಿ, ಹಾಕಿದ ತಾರೀಖು ಮೇಲೆ ಬರೆಯಲಿ. 3 ತಿಂಗಳಿಗೊಮ್ಮೆ ಕರೆಂಟ್ ತೆಗೆದು ಎಷ್ಟು ಹೊತ್ತು ನಿಲ್ಲುತ್ತೆ ನೋಡಲಿ. ಹೊಸದಕ್ಕೆ ದುಡ್ಡು ಮೊದಲೇ ಎತ್ತಿಡಲಿ.

ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ಕೇಳಿ: ನಮ್ಮ ಬ್ಯಾಟರಿಗೆ ಎಷ್ಟು ವರ್ಷ?